ಊರಿನ ವಾಚನಾಲಯಕ್ಕೆ ₹25,000: ಕಥೆ-ಕಾದಂಬರಿ ಎಷ್ಟು, ಉಳಿದದ್ದು ಎಷ್ಟು?

ಬೆಣ್ಣಿಹಳ್ಳ:
ನಮಸ್ಕಾರ್ರಿ ಎಲ್ಲಾರಿಗೂ. ಗದಗ ತಾಲೂಕಿನ ಒಂದು ಊರಾಗ ಯುವಕ ಸಂಘದ ಖೋಲಿ ಐತಿ, ಅಲ್ಲೇ ಸಣ್ಣ ವಾಚನಾಲಯ ಮಾಡೂದು ಅಂತ ಠರಾವ್ ಆಗೇತಿ. ಪುಸ್ತಕಕ್ಕ ₹25,000, ಕಪಾಟಿಗೆ ಬ್ಯಾರೆ ರೊಕ್ಕ. ಓದಾವ್ರು ಹೈಸ್ಕೂಲ್ ಹುಡುಗ್ರು, ಸ್ವಸಹಾಯ ಸಂಘದ ಹೆಣ್ಮಕ್ಕಳು, ರೈತ್ರು, ರಿಟೈರ್ ಆದ ಮಾಸ್ತರರು. ಏನೇನು ತರಬೇಕು, ಯಾವು ಬ್ಯಾಡ? ತಂದದ್ದು ಹಾಳಾಗದಂಗ ನೋಡಿಕೊಳ್ಳೂದು ಹ್ಯಾಂಗ?

ಸಾಧನಕೇರಿ ಓದುಗ:
200 ಪುಟದ ಪುಸ್ತಕಕ್ಕೆ ಸರಾಸರಿ ₹200 ಹಿಡಿದರೆ 125 ಪುಸ್ತಕ ಬರುತ್ತವೆ. ಒಮ್ಮೆಲೇ ತರಬೇಡಿ. ₹15,000ದ್ದು ತಂದು, ಮೂರು ತಿಂಗಳು ಯಾವುದು ಎಷ್ಟು ಸಲ ಮನೆಗೆ ಹೋಯಿತು ಅಂತ ವಹಿ ನೋಡಿ, ಆಮೇಲೆ ಉಳಿದ ರೊಕ್ಕ ಬಿಚ್ಚಿ.

ಅರ್ಧ ಕಾದಂಬರಿ, ಅರ್ಧ ಮಾಹಿತಿ ಅನ್ನುವ ಲೆಕ್ಕಕ್ಕಿಂತ ಜೋಡಿ ಕಟ್ಟಿ ತರುವುದು ಲೇಸು. ಕಾದಂಬರಿ ಮುಗಿಸಿದವನ ಕೈ ಪಕ್ಕದ ಪುಸ್ತಕಕ್ಕೆ ತಾನಾಗಿ ಹೋಗಬೇಕು. ತೇಜಸ್ವಿಯವರ ‘ಕರ್ವಾಲೊ’ ಹಾರುವ ಓತಿಯ ಬೆನ್ನು ಹತ್ತಿದ ಕಥೆ. ಅದರ ಮಗ್ಗುಲಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇಡಿ. ವಿಷಯ ಸಸ್ಯಶಾಸ್ತ್ರವಾದರೂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ತಮಾಷೆಯೇ ಅದರ ತುಂಬ. ‘ತುಘಲಕ್’ ನಾಟಕದ ಪಕ್ಕ ಕಾರ್ನಾಡರದ್ದೇ ಆತ್ಮಕಥೆ ‘ಆಡಾಡತಾ ಆಯುಷ್ಯ’. ರಾವಬಹಾದ್ದೂರರ ಕಾದಂಬರಿ ‘ಗ್ರಾಮಾಯಣ’ಕ್ಕೆ ಅರವಿಂದ ಮಾಲಗತ್ತಿಯವರ ದಲಿತ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ ಜೋಡಿ. ನಮ್ಮ ಕಡೆಯ ಹಳ್ಳಿಯೇ, ನೋಡುವ ಓಣಿ ಬೇರೆ.

‘ಗ್ರಾಮಾಯಣ’ದ ದಪ್ಪಕ್ಕೆ ಹೆದರಬೇಡಿ, ಮಾತು ನಮ್ಮದೇ ಆದ್ದರಿಂದ ಓಡುತ್ತದೆ. ದೇವನೂರ ಮಹಾದೇವ ಅವರ ಕಾದಂಬರಿ ‘ಕುಸುಮಬಾಲೆ’ ತೆಳ್ಳಗಿದ್ದರೂ ನಂಜನಗೂಡು ಸೀಮೆಯ ಆಡುಮಾತಿನದು, ಗದಗಿನ ಹೊಸ ಓದುಗ ಹತ್ತು ಪುಟಕ್ಕೇ ಕೆಳಗಿಟ್ಟಾನು. ದೊಡ್ಡ ಕೃತಿ, ಆದರೆ ಎರಡನೇ ಕಂತಿಗಿರಲಿ.

ಖರೀದಿಗೆ ಧಾರವಾಡಕ್ಕೆ ಬಂದರೆ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ, 1933ರಿಂದ ನಡೆದುಬಂದ ಪ್ರಕಾಶನ. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳಿಗೆ ಬೆಲೆಯೇ ಕಡಿಮೆ.

ದಾರ-ದಬ್ಬಣ:
ಕೊಳ್ಳೂ ಮುಂದ ಪುಸ್ತಕ ನಡುವ ತಗದು ನೋಡ್ರಿ. ಹದಿನಾರು ಪುಟದ ಫರ್ಮಾದ (ಒಂದ ದೊಡ್ಡ ಹಾಳಿ ಮಡಚಿ ಮಾಡಿದ ಕಟ್ಟು) ನಟ್ಟನಡುವ ದಾರ ಕಂಡ್ರ ಹೊಲಿಗಿ ಹಾಕಿದ್ದು, ನಾಕು ಮಂದಿ ಕೈಯಾಗ ತಾಳತೈತಿ. ಬೆನ್ನಿಗೆ ಬರೇ ಅಂಟು ಹಾಕಿದ್ದು 400 ಪುಟ ದಾಟಿದ್ರ ನಡುವ ಬಿರಿತೈತಿ, ಹಾಳಿ ಉದುರತಾವ. ಅಂಥಾದ್ದ ಬೇಕಂದ್ರ ಓದಾಕ ಕೊಡೂ ಮೊದಲ ಬೆನ್ನಿನಿಂದ ಅರ್ಧ ಸೆಂಟಿಮೀಟರ್ ಒಳಗ ನಾಕೈದು ತೂತು ಹಾಕಿ ಹೊಲಸ್ರಿ. ಇನ್ನೂ ಒಳಗ ಹೋದ್ರ ಸಾಲಿನ ಅಕ್ಷರ ಹೊಲಿಗ್ಯಾಗ ಹೊಕ್ಕಾವ.

ಹರಿದ ಹಾಳಿಗೆ ಸೆಲೋಟೇಪ್ ಬ್ಯಾಡ. ಹಳದಿ ಆಗಿ, ಟೇಪ್ ಬಿಟ್ಟು ಅಂಟು ಉಳದು, ಹಾಳಿಗೆ ಹಾಳಿ ಹತ್ತಿಬಿಡತೈತಿ. ತೆಳ್ಳನ್ನ ಕಾಗದ, ಮೈದಾ ಅಂಟು ಸಾಕು. ಮೈದಾದ ಗಂಜಿ ತಿನ್ನಾಕ ಸಿಲ್ವರ್‌ಫಿಶ್ ಹುಳ ಬರತೈತಂತ ಬೈಂಡಿಂಗ್‌ನವ್ರು ಅದರಾಗ ಚಿಟಿಕಿ ಮೈಲುತುತ್ತ ಹಾಕತಾರ. ಅದು ವಿಷ, ಹುಡುಗ್ರ ಕೈಗೆ ಸಿಗಬಾರದು.

ಖಾಕಿ ಕಾಗದದ ಹೊದಿಕಿ ಅಂತೂ ಬ್ಯಾಡೇ ಬ್ಯಾಡ. ಮಾರಿ ಮುಚ್ಚಿದ ಪುಸ್ತಕ ಯಾರೂ ಎತ್ತೂದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಕ್ರಿ, ಅಂಟು ಹಚ್ಚದ ಮಡಚಿ ಸಿಗಸ್ರಿ.

ಕಪಾಟು: ಡೆಮಿ 1/8 (ಸಾಮಾನ್ಯ ಕಾದಂಬರಿ ಅಳತಿ) ಪುಸ್ತಕ ಎಂಟೂವರಿ ಇಂಚು ಎತ್ತರ. ಹಲಗಿ ಹಲಗಿ ನಡುವ 10-11 ಇಂಚು, ಆಳ 9 ಇಂಚು. ಉದ್ದ 3 ಫೂಟ್ ದಾಟಿದ್ರ ಭಾರಕ್ಕ ಹಲಗಿ ಬಾಗತೈತಿ. 200 ಪುಟದ್ದು ಫೂಟಿಗೆ ಸುಮಾರು 20 ಕೂಡತಾವ. ತುರುಕಿ ಇಡಬ್ಯಾಡ್ರಿ, ಬೆನ್ನಿನ ತಲಿ ಹಿಡದು ಜಗ್ಗಿದ ಕೂಡಲೇ ಹರಿಯೂದು ಅಲ್ಲೇ. ಕೆಳಗಿನ ಹಲಗಿ ನೆಲದಿಂದ 6 ಇಂಚು ಮ್ಯಾಲ, ಕಪಾಟಿನ ಬೆನ್ನು ಗ್ವಾಡಿಯಿಂದ 3 ಇಂಚು ದೂರ ಇರಲಿ. ಗೆದ್ದಲ ಕಟ್ಟೂ ಮಣ್ಣಿನ ದಾರಿ ಕಣ್ಣಿಗೆ ಬೀಳಬೇಕು. ಬೇವಿನ ಎಲಿ ಇಡೂದಾದ್ರ ಪೂರಾ ಒಣಗಿದ್ದು. ಹಸಿದು ಇಟ್ರ ಬೂಷ್ಟು ಹಿಡಿತೈತಿ.

ವರದಾತೀರ:
ಜೋಡಿ ಇಡುವುದು ಓದಲಿಕ್ಕೆ ಚೆಂದ, ಹುಡುಕಲಿಕ್ಕೆ ತ್ರಾಸ. ಬೆನ್ನಿಗೆ ಬಣ್ಣದ ಚೀಟಿ ಹಚ್ಚಿ: ಕಥೆಗೆ ಕೆಂಪು, ಆತ್ಮಕಥೆಗೆ ಹಸಿರು, ವಿಜ್ಞಾನ-ಕೃಷಿಗೆ ನೀಲಿ. 125 ಪುಸ್ತಕಕ್ಕೆ ಡ್ಯೂಯಿ ನಂಬರು (ದೊಡ್ಡ ಗ್ರಂಥಾಲಯಗಳು ವಿಷಯವಾರು ಹಾಕುವ ಸಂಖ್ಯೆ) ಹಾಕುವುದು ಬರೇ ಡೌಲು. ವಹಿಯಲ್ಲಿ ಕ್ರಮಸಂಖ್ಯೆ, ಹೆಸರು, ಲೇಖಕರು, ಬೆಲೆ, ಬಂದ ದಿನಾಂಕ ಇದ್ದರಾಯಿತು. ಸಂಘದ ಶಿಕ್ಕಾ ಶೀರ್ಷಿಕೆ ಪುಟಕ್ಕೆ, ಕೊನೆಯ ಪುಟಕ್ಕೆ, ಜೊತೆಗೆ ಎಲ್ಲ ಪುಸ್ತಕದಲ್ಲೂ ಒಂದೇ ಗುಪ್ತ ಪುಟಕ್ಕೆ ಬೀಳಲಿ, 17 ಅಂತಿಟ್ಟುಕೊಳ್ಳಿ. ಮೊದಲ ಹಾಳೆ ಕಿತ್ತರೂ ಗುರುತು ಉಳಿಯುತ್ತದೆ.

ದಾನ ಬಂದದ್ದನ್ನು ಇಡುವುದು ಬಿಡುವುದು ಸಂಘಕ್ಕೆ ಸೇರಿದ್ದು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಹಳೇ ಪರೀಕ್ಷಾ ಗೈಡು, ಸ್ಮರಣ ಸಂಚಿಕೆಗಳೇ ಒಂದು ಹಲಗೆ ನುಂಗುತ್ತವೆ.

ಬೆಣ್ಣಿಹಳ್ಳ:
ಭಾಳ ಉಪಕಾರ ಆತ್ರಿ. ಮಾಸ್ತರರೊಬ್ಬರು ಹಳೇ ಕೃಷಿ ಪುಸ್ತಕ ಒಂದು ಗಂಟು ಕೊಡತೇನಿ ಅಂದಾರ. ತಗೋಬೇಕೋ?

ವರದಾತೀರ:
ಮುದ್ರಣದ ವರ್ಷ ನೋಡಿ. ಮಣ್ಣು, ನೀರು, ದೇಸಿ ತಳಿಗಳ ಬಗ್ಗೆ ಇದ್ದರೆ ಹಳೆಯದೂ ನಡೆಯುತ್ತದೆ. ಔಷಧ ಸಿಂಪರಣೆಯ ಕೋಷ್ಟಕ ಇದ್ದರೆ ಕಪಾಟಿಗೆ ಏರಿಸಬೇಡಿ: 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ ಕೀಟನಾಶಕ ಎಂಡೋಸಲ್ಫಾನ್ ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಪ್ರಮಾಣದ ಸಮೇತ ಇರುತ್ತದೆ. ಅದರ ಬದಲು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬೇಸಾಯ ಕ್ರಮಗಳ ಕನ್ನಡ ಕೈಪಿಡಿ ತನ್ನಿ, ಹೊಸ ಆವೃತ್ತಿಯೇ ಅಂತ ಕೇಳಿ. ಹೊಸದು ಬಂದಾಗ ಹಳೆಯದನ್ನು ವಹಿಯಲ್ಲಿ ಕಮ್ಮಿ ಮಾಡಿ ತೆಗೆದುಬಿಡಿ.