ವಾಚಿನ ಪಟ್ಟಿಯಲ್ಲೇ ಬಿಪಿ ನೋಡುವ ಯಂತ್ರ: ಗಾಳಿಚೀಲ ಸೋರದ ಹಾಗೆ ಮಾಡುವುದು ಹೇಗೆ?

ಪೀಣ್ಯವಾಸಿ
ನಾವು ನಾಲ್ಕು ಜನ ಸೇರಿ ಮಣಿಕಟ್ಟಿಗೆ ಕಟ್ಟುವ ಸಣ್ಣ ಬಿಪಿ ಯಂತ್ರ ಮಾಡುತ್ತಿದ್ದೇವೆ. ಗಾಳಿ ತುಂಬುವ ಚೀಲ ಪಟ್ಟಿಯ ಒಳಗೇ ಇದೆ. ಅದರ ಅಗಲ 25 ಮಿ.ಮೀ. ಇದೆ. ಟಿಪಿಯು ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್ಕಿನ, 0.2 ಮಿ.ಮೀ. ದಪ್ಪದ ಎರಡು ಹಾಳೆಗಳನ್ನು ಅಂಚಿನಲ್ಲಿ ಹೈ ಫ್ರೀಕ್ವೆನ್ಸಿ ವೆಲ್ಡಿಂಗ್ ಮಾಡಿ ಕೂಡಿಸಿದ್ದೇವೆ. ಗಾಳಿ ತುಂಬಿ ಬಿಡುವ ಪರೀಕ್ಷೆಯಲ್ಲಿ 3,000 ಸಲ ಆಗುವಷ್ಟರಲ್ಲಿ ಸೋರಲು ಶುರುವಾಗುತ್ತದೆ. ದಿನಕ್ಕೆ 20 ಸಲ ನೋಡುವವರಿಗೆ ಅದು ಬರೀ ಐದು ತಿಂಗಳು. ಹಾಳೆಯ ದಪ್ಪ 0.4ಕ್ಕೆ ಏರಿಸೋಣ ಅಂತ ನಾನು, ಬೇಡ ಅಂತ ಜೊತೆಗಾರ. ನೀವೇನು ಹೇಳುತ್ತೀರಿ?

ವೆಲ್ಡಿಂಗ್ ಶೆಟ್ರು
ನಿಮ್ಮ ಜೊತೆಗಾರ ಹೇಳಿದ್ದೇ ಸರಿ. ಲೆಕ್ಕ ಹಾಕಿ ನೋಡಿ. ಚೀಲದೊಳಗಿನ ಒತ್ತಡ 300 ಮಿ.ಮೀ. ಪಾದರಸ ಅಂತ ಹಿಡಿದರೆ ಅದು 40 ಕಿಲೋಪಾಸ್ಕಲ್. ಚೀಲ ಉಬ್ಬಿದಾಗ ಅದರ ತ್ರಿಜ್ಯ 10 ಮಿ.ಮೀ. ಅಂತ ಇಟ್ಟುಕೊಂಡರೂ ಹಾಳೆಯ ಮೇಲೆ ಬೀಳುವ ಎಳೆತ 2 ಮೆಗಾಪಾಸ್ಕಲ್ ಅಷ್ಟೇ, ಒಳ್ಳೆಯ ಟಿಪಿಯು ಹರಿಯಬೇಕಾದರೆ 30ಕ್ಕಿಂತ ಜಾಸ್ತಿ ಬೇಕು. ಹಾಳೆ ಹರಿಯುತ್ತಿಲ್ಲ. ಬೆಸುಗೆಯ ಒಳ ಅಂಚು, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ, ಪ್ರತಿ ಸಲ ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತಿದೆ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಹಾಗೆ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತದೆ ನೋಡಿ ಹೇಳಿ.

ಪೀಣ್ಯವಾಸಿ
ನೋಡಿದೆ ಶೆಟ್ರೇ. ಆರು ಚೀಲಗಳಲ್ಲಿ ಐದು ಮೂಲೆಯಲ್ಲೇ ಸೋರಿವೆ.

ವೆಲ್ಡಿಂಗ್ ಶೆಟ್ರು
ಹಾಗಾದರೆ ಡೈ, ಅಂದರೆ ಬೆಸುಗೆಯ ಅಚ್ಚು, ಬದಲಾಯಿಸಿ. ಮೂಲೆ ಚೂಪಾಗಿದ್ದರೆ ಎಳೆತವೆಲ್ಲ ಅಲ್ಲೇ ಸೇರುತ್ತದೆ. ದೊಡ್ಡ ದುಂಡು ಕೊಡಿ. ಡೈಯ ಅಂಚನ್ನೂ ಸ್ವಲ್ಪ ಉಜ್ಜಿ ಮೊಂಡು ಮಾಡಿ, ಇಲ್ಲದಿದ್ದರೆ ಅದು ಬೆಸುಗೆ ಪಕ್ಕದ ಹಾಳೆಯನ್ನು ಒತ್ತಿ ತೆಳ್ಳಗೆ ಮಾಡಿಬಿಡುತ್ತದೆ. ಇನ್ನೊಂದು ವಿಷಯ. ಚಪ್ಪಟೆಯಾಗಿ ಬೆಸೆದ ಚೀಲವನ್ನು ಕೈಗೆ ಸುತ್ತಿದಾಗ ಒಳಗಿನ ಹಾಳೆ ಸುಕ್ಕಾಗುತ್ತದೆ, ಆ ಸುಕ್ಕು ಬೆಸುಗೆಗೆ ತಾಗುವ ಕಡೆ ಬಿರುಕು ಬರುತ್ತದೆ. ಒಳಗಿನ ಹಾಳೆಯನ್ನು ಹೊರಗಿನದಕ್ಕಿಂತ ಚಿಕ್ಕದು ಮಾಡಿ, ಬಾಗಿಸಿಯೇ ಬೆಸೆಯಿರಿ. ಕೆಲಸ ಕಷ್ಟ, ಆದರೆ ಉಳಿಯುತ್ತದೆ.

ಹಾಸನದ ಸಿಸ್ಟರ್
ಗಟ್ಟಿ ಆಗುವುದು ಸರಿ, ಆದರೆ 25 ಮಿ.ಮೀ. ಅಗಲ ಸಾಕಾ? ತೋಳಿಗೆ ಕಟ್ಟುವಾಗ ಚೀಲದ ಅಗಲ ತೋಳಿನ ಸುತ್ತಳತೆಯ ನೂರಕ್ಕೆ 40 ಭಾಗ, ಉದ್ದ ನೂರಕ್ಕೆ 80 ಭಾಗ ಇರಬೇಕು ಅಂತ ನಮಗೆ ಕಲಿಸಿದ್ದಾರೆ. 16 ಸೆಂ.ಮೀ. ಮಣಿಕಟ್ಟಿಗೆ ಆ ಲೆಕ್ಕದಲ್ಲಿ 64 ಮಿ.ಮೀ. ಆಗುತ್ತದೆ. 1896ರಲ್ಲಿ ಇಟಲಿಯ ಡಾಕ್ಟರ್ ರಿವಾ ರೊಚ್ಚಿ ಮಾಡಿದ ಮೊದಲ ಪಟ್ಟಿ ಕಿರಿದಾಗಿತ್ತು, ಬಿಪಿ ಜಾಸ್ತಿ ತೋರಿಸುತ್ತಿತ್ತು. 1901ರಲ್ಲಿ ರೆಕ್ಲಿಂಗ್‌ಹೌಸೆನ್ ಅದನ್ನು ಅಗಲ ಮಾಡಿದರು. ಅದೇ ತಪ್ಪಿಗೆ ಮತ್ತೆ ಹೋಗಬೇಡಿ.

ಪೀಣ್ಯವಾಸಿ
ಸಿಸ್ಟರ್, ಓಮ್ರಾನ್‌ನ ಹಾರ್ಟ್‌ಗೈಡ್ ವಾಚಿನ ಪಟ್ಟಿಯೂ ಕಿರಿದೇ, ಅದಕ್ಕೆ 2018ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮಕ್ಕೆ ಹತ್ತಿರ ಇರುವುದರಿಂದ ಆಗುತ್ತದೆ. ಬಿಪಿ ಯಂತ್ರಗಳ ಪರೀಕ್ಷೆಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 81060-2 ಪ್ರಕಾರ 85 ಜನರ ಮೇಲೆ ಪರೀಕ್ಷೆ ಮಾಡಬೇಕು, ಸರಿಯಾದ ಅಳತೆಗೂ ನಮ್ಮದಕ್ಕೂ ಸರಾಸರಿ ವ್ಯತ್ಯಾಸ 5 ಪಾಯಿಂಟ್ (ಮಿ.ಮೀ. ಪಾದರಸ) ದಾಟಬಾರದು. ಅದನ್ನು ಮಾಡದೆ ಮಾರುವುದಿಲ್ಲ.

ಹಾಸನದ ಸಿಸ್ಟರ್
ಆ ಪರೀಕ್ಷೆ ಹೊಸ ಪಟ್ಟಿಯಲ್ಲಿ ಮಾಡುತ್ತೀರಿ, ಅಲ್ವಾ? 5,000 ಸಲ ಉಬ್ಬಿ ಸಡಿಲವಾದ ಪಟ್ಟಿಯಲ್ಲೂ ಮಾಡಿ ನೋಡಿ. ನನಗೆ ಬೇಕಿರುವುದು ಆ ಅಂಕಿ. ಕೈ ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೇ ಸುಮಾರು 8 ಪಾಯಿಂಟ್ ಏರುತ್ತದೆ, ಅದರ ಮೇಲೆ ಪಟ್ಟಿಯ ತಪ್ಪೂ ಸೇರಿದರೆ ಡಾಕ್ಟರ್ ಸುಮ್ನೆ ಇನ್ನೊಂದು ಮಾತ್ರೆ ಬರೆಯುತ್ತಾರೆ.

ಕರಾವಳಿ ಪಾಲಿಮರ್
ಟಿಪಿಯು ಯಾವುದು ಅಂತ ಯಾರೂ ಕೇಳಲೇ ಇಲ್ಲ. ಪಾಲಿಯೆಸ್ಟರ್ ಬಗೆಯದಾದರೆ ಬೆವರು ಮತ್ತು ತೇವಕ್ಕೆ ನಿಧಾನವಾಗಿ ಕೊಳೆಯುತ್ತದೆ. ಮಂಗಳೂರಿನ ಮಳೆಗಾಲ ನೆನೆಸಿಕೊಳ್ಳಿ. ಪಾಲಿಈಥರ್ ಬಗೆಯದು ತಗೊಳ್ಳಿ.

ವೆಲ್ಡಿಂಗ್ ಶೆಟ್ರು
ಪಾಲಿಈಥರ್‌ಗೆ ಎಣ್ಣೆ ಆಗಿಬರುವುದಿಲ್ಲ. ಮೈಗೆ ಕೊಬ್ಬರಿ ಎಣ್ಣೆ ಹಚ್ಚುವವರು ಎಷ್ಟು ಜನ! ಉಜ್ಜಾಟಕ್ಕೂ ಪಾಲಿಯೆಸ್ಟರೇ ಗಟ್ಟಿ.

ಕರಾವಳಿ ಪಾಲಿಮರ್
ಒಪ್ಪುತ್ತೇನೆ. ಅದಕ್ಕೇ ಚೀಲ ನೇರವಾಗಿ ಚರ್ಮಕ್ಕೆ ತಾಗಬಾರದು. ಒಳಗೆ ಪಾಲಿಈಥರ್ ಚೀಲ, ಹೊರಗೆ ತೆಳುವಾದ ನೈಲಾನ್ ಬಟ್ಟೆಯ ಕವಚ. ಎಣ್ಣೆ, ಉಜ್ಜಾಟ ಎರಡನ್ನೂ ಕವಚ ತಡೆಯುತ್ತದೆ, ತೆಗೆದು ತೊಳೆಯಲೂ ಬರುತ್ತದೆ. ಪಿವಿಸಿ ಮಾತ್ರ ಬೇಡ, ಅದನ್ನು ಮೆತ್ತಗಿಡುವ ವಸ್ತು ಹೊರಬಂದು ಕೊನೆಗೆ ಪಟ್ಟಿ ಸೆಟೆದುಕೊಳ್ಳುತ್ತದೆ.

ಮಗಳು_ಧಾರವಾಡ
ನಾನು ಎಂಜಿನಿಯರ್ ಅಲ್ಲ, ಆದರೂ ಒಂದು ಮಾತು. ನಮ್ಮ ಅಪ್ಪನಿಗೆ ಇಂಥದೇ ಒಂದು ವಾಚ್ ತಂದುಕೊಟ್ಟಿದ್ದೆ. 14 ತಿಂಗಳಿಗೆ ಪಟ್ಟಿ ಗಾಳಿ ಬಿಡತೊಡಗಿತು. ಪಟ್ಟಿ ಮಾತ್ರ ಬದಲಾಯಿಸಲು ಬರುವುದಿಲ್ಲ ಅಂದರು. ಸ್ಕ್ರೀನ್, ಬ್ಯಾಟರಿ ಎಲ್ಲ ಚೆನ್ನಾಗಿದ್ದ ಯಂತ್ರ ಈಗ ಕಪಾಟಿನಲ್ಲಿ ಬಿದ್ದಿದೆ. ಅದಕ್ಕಿಂತ ಬೇಸರದ ವಿಷಯ, ಅದು ಕೆಟ್ಟಿದೆ ಅಂತ ನಮಗೆ ಗೊತ್ತಾಗುವ ಮೊದಲು ಎಷ್ಟೋ ದಿನ ಅಪ್ಪ ಅದರ ಅಂಕಿಯನ್ನೇ ನಂಬಿ ಡೈರಿಯಲ್ಲಿ ಬರೆದಿಟ್ಟಿದ್ದರು. ದಯವಿಟ್ಟು ಚೀಲ ಬಿಚ್ಚಿ ಹಾಕುವ ಹಾಗೆ ಮಾಡಿ.

ಪೀಣ್ಯವಾಸಿ
ಬಿಚ್ಚುವ ಹಾಗೆ ಮಾಡಿದರೆ ಅಲ್ಲೊಂದು ಜೋಡಣೆ, ಗಾಳಿ ಸೋರದ ಹಾಗೆ ಒಂದು ಓ-ರಿಂಗ್ (ರಬ್ಬರ್ ಬಳೆ) ಬರುತ್ತದೆ. ಸೋರುವ ಜಾಗ ಇನ್ನೊಂದು ಹುಟ್ಟಿತು. ದಪ್ಪವೂ ಏರುತ್ತದೆ. ಅದಕ್ಕೇ ಹಿಂದೇಟು ಹಾಕಿದ್ದು.

ವೆಲ್ಡಿಂಗ್ ಶೆಟ್ರು
ಓ-ರಿಂಗ್ ಹತ್ತು ರೂಪಾಯಿ ಕೆಲಸ, ಹಾಳಾದರೆ ಬದಲಾಯಿಸಬಹುದು. ಬೆಸುಗೆ ಬಿಟ್ಟರೆ ಏನು ಮಾಡುತ್ತೀರಿ? ಆ ಅಮ್ಮ ಹೇಳಿದ್ದರಲ್ಲಿ ಇನ್ನೊಂದು ಮುಖ್ಯ ವಿಷಯ ಇದೆ. ತೋಳಿನ ಚೀಲದಲ್ಲಿ 150 ಮಿ.ಲೀ. ಗಾಳಿ, ನಿಮ್ಮದರಲ್ಲಿ 10 ಮಿ.ಲೀ. ಅಂದುಕೊಳ್ಳಿ. ಸೂಜಿಮೊನೆಯಷ್ಟೇ ತೂತು ಎರಡರಲ್ಲೂ ಇದ್ದರೆ ನಿಮ್ಮದರಲ್ಲಿ ಒತ್ತಡ ಹತ್ತು ಪಟ್ಟು ಮೀರಿ ಬೇಗ ಇಳಿಯುತ್ತದೆ. ದೊಡ್ಡ ಚೀಲದಲ್ಲಿ ಕಾಣದ ಸೋರಿಕೆ ಇಲ್ಲಿ ಅಳತೆಯನ್ನೇ ಕೆಡಿಸುತ್ತದೆ. ನಾಡಿಯ ಬಡಿತದಿಂದ ಚೀಲದಲ್ಲಿ ಏಳುವ ಅಲೆ ನೋಡಿಯೇ ಯಂತ್ರ ಬಿಪಿ ಲೆಕ್ಕ ಹಾಕುವುದು. ಆ ಅಲೆಯೇ ಒಂದೆರಡು ಪಾಯಿಂಟ್, ಒತ್ತಡ ಬೇಗ ಇಳಿದರೆ ನಾಲ್ಕು ಬಡಿತವೂ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಯಂತ್ರವೇ ಗಾಳಿ ತುಂಬಿ, ಹತ್ತು ಸೆಕೆಂಡ್ ಹಿಡಿದು, ಇಳಿದರೆ ‘ಪಟ್ಟಿ ಬದಲಾಯಿಸಿ’ ಅಂತ ಹೇಳಬೇಕು. ಅಂಕಿ ತೋರಿಸಲೇಬಾರದು.

ಮಗಳು_ಧಾರವಾಡ
ಹೌದು, ಅದಿದ್ದಿದ್ದರೆ ನಮಗೆ ಸಾಕಾಗಿತ್ತು.

ಪೀಣ್ಯವಾಸಿ
ಸರಿ, ಒಪ್ಪಿದೆ. ದಪ್ಪ 0.2 ಹಾಗೇ ಇರಲಿ. ದುಂಡು ಮೂಲೆಯ ಡೈ, ಪಾಲಿಈಥರ್, ನೈಲಾನ್ ಕವಚ, ಬಿಚ್ಚುವ ಚೀಲ. ಇಪ್ಪತ್ತು ಮಾಡಿ, ಹತ್ತಕ್ಕೆ ಕೊಬ್ಬರಿ ಎಣ್ಣೆ ಮತ್ತು ಉಪ್ಪುನೀರು ಹಚ್ಚಿ, ನಿಮಿಷಕ್ಕೊಮ್ಮೆ ಗಾಳಿ ತುಂಬಿ ಬಿಡುತ್ತೇನೆ. 10,000 ಸಲಕ್ಕೆ ಏಳು ದಿನ. ಸಿಸ್ಟರ್ ಹೇಳಿದ ಹಾಗೆ ಹಳತಾದ ಚೀಲದಲ್ಲೂ ಅಳತೆ ತೆಗೆಯುತ್ತೇನೆ.

ಹಾಸನದ ಸಿಸ್ಟರ್
ಸ್ಪಿರಿಟ್ಟನ್ನೂ ಸೇರಿಸಿಕೊಳ್ಳಿ. ವಾರ್ಡಿನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಟ್ಟುವ ಮೊದಲು ಪ್ರತಿ ಸಲ ಅದರಲ್ಲೇ ಒರೆಸುತ್ತೇವೆ.