ಓದುಗರ ಸ್ಪಂದನ: ನೌಕರಿಯೋ, ಸಂಶೋಧನೆಯೋ?

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಎಂ.ಟೆಕ್. ವಿದ್ಯಾರ್ಥಿನಿಯೊಬ್ಬರು ತಮ್ಮ ಸಂಕಟವನ್ನು ತೋಡಿಕೊಂಡಿದ್ದರು. ಅವರ ತಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮಗಳನ್ನು ಕಂಪ್ಯೂಟರ್ ವಿಜ್ಞಾನ ಓದಿಸಿದ್ದಾರೆ. ಬೆಂಗಳೂರಿನ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ಅವರ ಮನಸ್ಸು ಮಾತ್ರ ಕನ್ನಡದ ಪದಗಳನ್ನು ಯಂತ್ರಕ್ಕೆ ಅರ್ಥಮಾಡಿಸುವ ಸಂಶೋಧನೆಯಲ್ಲಿ ನೆಟ್ಟಿದೆ. ಅಪ್ಪನಿಗೆ ಇದನ್ನು ಹೇಗೆ ಹೇಳಲಿ ಎಂಬುದು ಅವರ ಪ್ರಶ್ನೆ.

ಹೆಸರು ಬೇಡವೆಂದು ಕೋರಿರುವ ಚಿತ್ರದುರ್ಗದ ಓದುಗರು ಬರೆಯುತ್ತಾರೆ:

ತಂಗೀ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎಂ.ಸಿ.ಎ. ಮುಗಿಸಿದಾಗ ನನಗೂ ಸಂಶೋಧನೆಯ ಆಸೆಯಿತ್ತು. ಮನೆಯಲ್ಲಿ ಮದುವೆಯ ಮಾತು ಬಂತು, ನನ್ನ ಇಷ್ಟವನ್ನು ಕೇಳುವವರಿರಲಿಲ್ಲ. ಆಮೇಲೆ ವರ್ಷಗಟ್ಟಲೆ ಡಿ.ಟಿ.ಪಿ. ಅಂಗಡಿಯಲ್ಲಿ ಲಗ್ನಪತ್ರಿಕೆ, ಸ್ಮರಣ ಸಂಚಿಕೆಗಳನ್ನು ಟೈಪು ಮಾಡಿದೆ. ಆಗಿನ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳಿಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಬಳಸುತ್ತಿದ್ದುದರಿಂದ, ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಇಡೀ ಪುಸ್ತಕವೇ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ನಮ್ಮಂಥ ಅಂಗಡಿಗಳಿಗೆ ಅದು ತಲುಪಲು ಬಹಳ ಕಾಲ ಹಿಡಿಯಿತು. ಅಕ್ಷರದ ತೊಡಕು ಬಹುಮಟ್ಟಿಗೆ ಬಗೆಹರಿದ ಮೇಲೂ ಪದದ ತೊಡಕು ಉಳಿದಿದೆ. 'ಮನೆಯಲ್ಲಿರುವವರಿಗೂ' ಎಂಬ ಒಂದೇ ಪದದಲ್ಲಿ ಮನೆ, ಸಪ್ತಮಿ, 'ಇರು' ಧಾತು, 'ಅವರು', ಚತುರ್ಥಿ, ಕೊನೆಯ 'ಊ' ಎಲ್ಲವೂ ಸಂಧಿಯಲ್ಲಿ ಬೆಸೆದುಕೊಂಡಿರುವಾಗ, ಅದನ್ನು ಇಡಿಯಾಗಿ ನಿಘಂಟಿನಲ್ಲಿ ಹುಡುಕುವ ಯಂತ್ರಕ್ಕೆ ಏನೂ ಸಿಗುವುದಿಲ್ಲ. ಅದನ್ನು ಬಿಡಿಸಲು ವ್ಯಾಕರಣವನ್ನೂ ಗಣಿತವನ್ನೂ ಬಲ್ಲ ನಿಮ್ಮಂಥವರು ಬೇಕು. ನನ್ನ ಆಸೆ ಇಂದಿಗೂ ನೋಯುತ್ತದೆ. ದಯವಿಟ್ಟು ನೀವು ಬಿಡಬೇಡಿ.

ಹರಿಹರದ ಹಿರಿಯರೊಬ್ಬರ ಅಭಿಪ್ರಾಯ ಬೇರೆಯಾಗಿದೆ:

ಭಟ್ಟಿಯ ಹೊಗೆಯಲ್ಲಿ ದುಡಿಯುವ ತಂದೆಗೆ ಮೊದಲು ವಿಶ್ರಾಂತಿ ಕೊಡಿಸಿ. ಆಸಕ್ತಿಯ ಮಾತು ಆಮೇಲಿರಲಿ.

ತಂದೆಯ ದಣಿವು ದೊಡ್ಡದು. ಪತ್ರ ಬರೆದವರು ಅದನ್ನು ಮರೆತಂತೆ ನಮಗೆ ತೋರಲಿಲ್ಲ. ಮೊಳಕಾಲ್ಮೂರಿನ ನಿವೃತ್ತ ಶಿಕ್ಷಕರು ಅವರನ್ನು ತಮ್ಮ ತಾಲ್ಲೂಕಿಗೇ ಕರೆದಿದ್ದಾರೆ:

ಒಮ್ಮೆ ಬ್ರಹ್ಮಗಿರಿಗೆ ಬನ್ನಿ, ಮಗಳೇ. ಅಲ್ಲಿಯ ಅಶೋಕನ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಅದನ್ನು ಬರೆದ ಚಪಡನು ಕೊನೆಯಲ್ಲಿ 'ಲಿಪಿಕರೇಣ' (ಲಿಪಿಕಾರನಿಂದ) ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಒಂದೇ ಬಂಡೆಯ ಮೇಲಿನ ಎರಡು ಲಿಪಿಗಳನ್ನು ಯಂತ್ರವು ತಾನಾಗಿ ಗುರುತಿಸುವಂತೆ ಮಾಡಬಹುದೇ? ಈ ಕೆಲಸವನ್ನೂ ನಿಮ್ಮ ಆಸಕ್ತಿಗಳಲ್ಲಿ ಸೇರಿಸಿಕೊಳ್ಳಿ.

ಕೇಳಿದ ಪ್ರಶ್ನೆಗೆ ಹತ್ತಿರವಾದ ಉತ್ತರ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ದಾವಣಗೆರೆಯವರೊಬ್ಬರಿಂದ ಬಂದಿದೆ:

ಸಂಶೋಧನೆಯೆಂದರೆ ಆದಾಯವಿಲ್ಲದ ಓದು ಎಂದು ನಿಮ್ಮ ತಂದೆಯವರು ಭಾವಿಸಿರಬಹುದು. ನೆಟ್ ಅಥವಾ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಗಳ ಅರ್ಹತೆಯ ಮೇಲೆ ಕೇಂದ್ರದ ಶಿಷ್ಯವೇತನ ಪಡೆದು ಪಿಎಚ್.ಡಿ. ಮಾಡುವವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ನಿಗದಿಯಾಗಿದೆ. ಕಂಪನಿಯ ಸಂಬಳ ಇದಕ್ಕಿಂತ ಹೆಚ್ಚಿರಬಹುದು. ಆದರೂ ಇದರಲ್ಲಿ ಮನೆಗೆ ಒಂದಿಷ್ಟು ಕಳುಹಿಸಲು ಸಾಧ್ಯ. ಮನೆಗೆ ಎಷ್ಟು ಕಳುಹಿಸುವಿರಿ ಎಂಬುದನ್ನೂ ಬರೆದುಕೊಂಡು ಅವರೊಡನೆ ಕುಳಿತು ಮಾತಾಡಿ.

ಆ ಮಾತುಕತೆ ನಡೆದ ಮೇಲೆ ವಿದ್ಯಾರ್ಥಿನಿ ನಮಗೆ ಬರೆದರೆ ಸಂತೋಷದಿಂದ ಪ್ರಕಟಿಸುತ್ತೇವೆ. ಅವರ ತಂದೆಯವರು ಬರೆದರೂ ಅಷ್ಟೇ ಸಂತೋಷ. — ಸಂ.