ಪ್ರೊಬೇಟ್ ಆದಮೇಲೆ ಉಯಿಲು ಬರೆದನಾ?

ಕುವೆಂಪುನಗರ: ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿರೋ ಒಬ್ಬ ಅಧಿಕಾರಿಯ ಅಜ್ಜ ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಕ್ಲೋಥಿಯರ್ (ಬಟ್ಟೆ ತಯಾರಿಸಿ ಮಾರುವವನು). ಅಜ್ಜನ ಉಯಿಲಿನ ತಾರೀಖು 1743 ನವೆಂಬರ್, ಪ್ರೊಬೇಟ್ (ಸತ್ತಮೇಲೆ ಉಯಿಲಿಗೆ ಕೋರ್ಟು ಕೊಡೋ ಮಂಜೂರಾತಿ) 1743 ಫೆಬ್ರವರಿ. ಹೇಗೆ ಸಾಧ್ಯ? ಉಯಿಲಲ್ಲಿ ‘ಕಸಿನ್’ ಅಂತ ಮೂವರಿದ್ದಾರೆ, ಅವರು ಯಾರ ಮಕ್ಕಳು?

ಮಂಡ್ಯದವನು: ತಾರೀಖು ಸರಿಯಾಗೇ ಇದೆ. 1751ರವರೆಗೆ ಇಂಗ್ಲೆಂಡಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ (ನಮ್ಮ ಯುಗಾದಿಯ ಆಸುಪಾಸು!). ಆ ಫೆಬ್ರವರಿ ನಮ್ಮ ಲೆಕ್ಕಕ್ಕೆ 1744. ವಂಶವೃಕ್ಷದಲ್ಲಿ 1743/4 ಅಂತ ಬರೀರಿ. ಆಗ ‘ಕಸಿನ್’ ಅಂದ್ರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳೂ ಆಗಬಹುದು, ‘ಸನ್ ಇನ್ ಲಾ’ ಅಂದ್ರೆ ಹೆಂಡತಿಯ ಮೊದಲ ಮದುವೆಯ ಮಗನೂ ಆಗಬಹುದು. ಚರ್ಚಿನ ದೀಕ್ಷಾಸ್ನಾನದ ದಾಖಲೆ ಸಿಗೋವರೆಗೆ ಗೆರೆ ಎಳೀಬೇಡಿ. ಹಿರಿಮಗನಿಗೆ ಒಂದೇ ಶಿಲ್ಲಿಂಗ್ ಇದ್ರೆ ಜಗಳ ಅಂದುಕೊಳ್ಳೋದೂ ತಪ್ಪು. ಪಾಲು ಮೊದಲೇ ಕೊಟ್ಟಿರ್ತಾರೆ ಎಷ್ಟೋ ಸಲ.

ಒಂಟಿಕೊಪ್ಪಲ್: ನೀವು ನೋಡಿದ್ದು ಲಂಡನ್ನಿನ ಕ್ಯೂ (Kew) ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನ ಪ್ರಾಬ್ 11 (PROB 11, ಕ್ಯಾಂಟರ್ಬರಿಯ ಚರ್ಚ್ ಕೋರ್ಟಲ್ಲಿ ಪ್ರೊಬೇಟ್ ಆದ ಉಯಿಲುಗಳು) ಸರಣಿಯದಾದರೆ ಅದು ಗುಮಾಸ್ತರ ನಕಲು, ಸಹಿಯೂ ಅವರದೇ ಅಕ್ಷರ. ಹೆಸರಿನ ಕಾಗುಣಿತ ನಂಬಬೇಡಿ, ನಾಲ್ಕೈದು ಥರ ಹುಡುಕಿ. ಮುಂದಿನ ಹೆಜ್ಜೆ ವಿಧವೆಯ ಉಯಿಲು. ಮದುವೆಯಾದ ಹೆಣ್ಣುಮಕ್ಕಳ ಗಂಡನ ಮನೆ ಹೆಸರು, ಮೊಮ್ಮಕ್ಕಳು ಅದರಲ್ಲೇ ಜಾಸ್ತಿ ಸಿಗೋದು. ಅದು ಕ್ಯಾಂಟರ್ಬರಿ ಕೋರ್ಟಲ್ಲಿ ಇಲ್ಲದಿದ್ರೆ ಚಿಪ್ಪೆನ್‌ಹ್ಯಾಮ್‌ನ ವಿಲ್ಟ್‌ಶೈರ್ ದಾಖಲೆ ಕೇಂದ್ರ ನೋಡಿ. ಎಕ್ಸಿಕ್ಯೂಟರ್ (ಉಯಿಲು ಜಾರಿ ಮಾಡೋಕೆ ನೇಮಿಸಿದವರು) ಯಾರು? ಅವರು ಹೆಚ್ಚಾಗಿ ಭಾವಮೈದುನನೋ ಜೊತೆ ವ್ಯಾಪಾರಿಯೋ ಆಗಿರ್ತಾರೆ; ಅವರ ಉಯಿಲೂ ತರಿಸಿ.

ಮಂಡ್ಯದವನು: ಮೊಮ್ಮಗನ (ಶ್ರೀರಂಗಪಟ್ಟಣದ ಆ ಅಧಿಕಾರಿಯ) ಉಯಿಲು ಬೇಕಾದ್ರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ಸಂಪುಟ ನೋಡಿ. ಬಂಗಾಳದ್ದು ಬೇರೆ, ಬೆರೆಸಬೇಡಿ.